ದೊರೆಯ ಎದೆಯ ಹಂದಿ ಅಸಲಿ ಎನ್ನಿ

ಹಳೆಯ ನಾಣ್ಯಗಳ ಮಾನ್ಯ ಪರೀಕ್ಷಾಧಿಕಾರಿಗಳೇ,

ಬಳ್ಳಾರಿಯ ನಾಣ್ಯ ಪ್ರದರ್ಶನದಲ್ಲಿ ತಾವು ನಮ್ಮ ತಾಯಿ ವೆಂಕೂಬಾಯಿಯವರ 1911ರ ಬೆಳ್ಳಿ ರೂಪಾಯಿಯನ್ನು ಅವರೆದುರೇ ಖೋಟಾ ಎಂದಿರಿ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಖೋಟಾ ನಾಣ್ಯವೊಂದನ್ನು ಅಸಲಿ ಎಂದು ಮೆರೆಸಿದಿರಿ. ಒಂದೇ ಮೇಜಿನ ಮೇಲೆ ಎರಡರಲ್ಲೂ ತಪ್ಪಲು ಸಾಮಾನ್ಯ ಪಾಂಡಿತ್ಯ ಸಾಲದು. ಅಭಿನಂದನೆಗಳು!

ಭೂತಗನ್ನಡಿ ಹಿಡಿದು ತಾವು ನಕ್ಕಿರಿ: "ಇಲ್ಲಿ ಹಂದಿ ಐತ್ರೀ! ಸರ್ಕಾರದೋರು ರಾಜನ ಎದಿ ಮ್ಯಾಲೆ ಹಂದಿ ಕೆತ್ತಿಸ್ತಾರೇನ್ರೀ?" ಕೆತ್ತಿಸಿದ್ದರು ಸ್ವಾಮಿ. ಸರ್ಕಾರ ತಪ್ಪು ಮಾಡುವುದೇ ಇಲ್ಲವೆಂಬ ತಮ್ಮ ನಂಬಿಕೆ ತಮ್ಮ ಕುರ್ಚಿಗೆ ಒಪ್ಪುತ್ತದೆ, ನಾಣ್ಯಕ್ಕಲ್ಲ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿರುವುದು ಪುಟ್ಟ ಆನೆ. 1911ರ ಅಚ್ಚಿನಲ್ಲಿ ಅದರ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡಿತು. ಜನ ಮುನಿದರು, ಮರುವರ್ಷ ಅಚ್ಚು ತಿದ್ದಿ ಸೊಂಡಿಲು ಬೆಳೆಸಿದರು. ಹಾಗಿದ್ದರೆ, ಸಿರುಗುಪ್ಪದ ದಾನಿಯೊಬ್ಬರು ಕೊಟ್ಟರೆಂದು ತಾವು ಗಾಜಿನಲ್ಲಿಟ್ಟ 1911ರ ನಾಣ್ಯದ ಆನೆಗೆ ಅಷ್ಟುದ್ದ ಸೊಂಡಿಲು ಎಲ್ಲಿಂದ ಬಂತು? ಟಂಕಸಾಲೆಯಲ್ಲಿ ಒತ್ತಿದ ನಾಣ್ಯವಾದರೆ ಅಂಚಿನಲ್ಲಿ ಲೋಹ ಕರಗಿಸಿ ಹೊಯ್ದ ಎರಕದ ಗೆರೆ ಏಕಿದೆ?

ನಮ್ಮ ತಾಯಿ ಕುರುಗೋಡಿನಿಂದ ಸೊಸೆಯಾಗಿ ಬಂದಾಗ ಅತ್ತೆ ಈ ನಾಣ್ಯವನ್ನು ಅಂಗೈಗಿಟ್ಟು, "ನೋಡಮ್ಮಾ, ರಾಜನ ಎದಿ ಮ್ಯಾಲೆ ವರಾಹದೇವರು ಕೂತಾನ" ಎಂದಿದ್ದರಂತೆ. ಅಂದಿನಿಂದ ಪ್ರತಿ ಶುಕ್ರವಾರ ಇಂಗ್ಲಿಷ್ ದೊರೆಯ ಎದೆಗೆ ನಮ್ಮಲ್ಲಿ ಗಂಧ, ತುಳಸಿ.

ತಮ್ಮ ತೀರ್ಪಿನ ನಂತರ ತಾಯಿ ಅದನ್ನು ದೇವರ ಮನೆಯಿಂದ ತೆಗೆದು ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಿದ್ದಾರೆ. ಮುಂದಿನ ತಿಂಗಳು ನನ್ನ ಸೊಸೆ ಶ್ರೀಕೃತಿ ಮನೆ ತುಂಬುತ್ತಾಳೆ. "ಆ ಹುಡುಗಿ ಕೈಯಾಗ ಏನಿಡ್ಲೋ? ನಮ್ಮತ್ತಿ ನನಗ ಖೋಟಾ ಕೊಟ್ಟಿದ್ರೇನು?" ಎಂದು ಕೇಳುತ್ತಾರೆ. ಅಸಲಿ ಎಂದರೆ, "ನೀ ಮಗ, ಹಂಗ ಅಂತೀ. ಸಾಹೇಬ್ರು ಗಾಜು ಹಿಡಿದು ನೋಡ್ಯಾರ" ಎನ್ನುತ್ತಾರೆ. ತಮ್ಮನ್ನು ಗೇಲಿ ಮಾಡುವಷ್ಟು ಉತ್ಸಾಹ ನನಗಿದೆ. ಆದರೆ ಆ ಮಾತು ಕೇಳಿದ ಮೇಲೆ ಗೇಲಿ ಬಿಟ್ಟು ಬೇಡಲು ಕೂತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪೆಟ್ಟಿಗೆಯ ಚೆಲುವಾದ ಆನೆಯನ್ನು ತೆಗೆದು ತಮ್ಮ ಮಕ್ಕಳಿಗೆ ಆಡಲು ಕೊಡಿ. ಸೊಸೆ ಬರುವ ದಿನ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಭೂತಗನ್ನಡಿಯನ್ನು ತಪ್ಪದೆ ತನ್ನಿ, ತಾಯಿ ನಂಬುವುದು ಅದನ್ನೇ. ನಾಣ್ಯ ನೋಡಿ, "ಅಮ್ಮಾ, ನಿಮ್ಮ ಅತ್ತೆಯವರು ಕೊಟ್ಟದ್ದು ಅಸಲಿ" ಎಂದುಬಿಡಿ. ಅದು ಆನೆ ಎಂದು ಮಾತ್ರ ದಮ್ಮಯ್ಯ, ಬಾಯಿ ಬಿಡಬೇಡಿ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದರೂ ಚಿಂತೆಯಿಲ್ಲ, ತಾಯಿ ಪತ್ರಿಕೆ ಓದುವುದಿಲ್ಲ.

ಇಂತಿ,
ದೊರೆಯ ಎದೆಗೆ ಮತ್ತೆ ಗಂಧ ತೇಯಲು ಕಾದಿರುವ
ರಘೋತ್ತಮ, ಬಳ್ಳಾರಿ