ಚೌಕದ ಹೊರಗಿನ ಬಾಲ

ಮಾರ್ಚ್ 12, ಗುರುವಾರ

ಹೊಟ್ಟೆ ಇನ್ನೂ ಉರಿಯುತ್ತಿದೆ. ಎರಡು ವರ್ಷದಿಂದ ನಾವು ನೋಡುತ್ತಿರುವ ಗ್ಯಾಲಕ್ಸಿಯ ಕಪ್ಪುಕುಳಿ ಉಗುಳುವ ಕಣಗಳ ಧಾರೆ, ಅಂದರೆ ಜೆಟ್, ನಮ್ಮ ಪ್ರಬಂಧದಲ್ಲಿ ನಾವು ಬರೆದದ್ದಕ್ಕಿಂತ ಎರಡರಷ್ಟು ಉದ್ದವಿದೆಯಂತೆ. ಬೇರೆ ತಂಡದವರು ಇವತ್ತು ಪ್ರಕಟಿಸಿದ್ದಾರೆ.

ಆ ತುದಿಯನ್ನು ಮೊದಲು ಕಂಡವಳು ನಾನು! ಹಳೆಯದಾಗಿ ಸೊರಗಿದ ಜೆಟ್ ಕಾಣುವುದು ನಮ್ಮಲ್ಲಿರುವಂಥ ಕಡಿಮೆ ಆವರ್ತನದ ರೇಡಿಯೊ ಟೆಲಿಸ್ಕೋಪಿಗೇ. ಆದರೆ ಚಿತ್ರ ಶುದ್ಧ ಮಾಡುವಾಗ ನಿಜವಾದದ್ದು ಎಲ್ಲಿದೆಯೆಂದು ನಾವೇ ಒಂದು ಚೌಕ ಎಳೆಯಬೇಕು. ಹೊರಗೆ ಉಳಿದದ್ದೆಲ್ಲ ಗದ್ದಲ, ಲೆಕ್ಕಕ್ಕಿಲ್ಲ. ಮಸುಕಾದ ಬಾಲವೊಂದು ಚೌಕ ದಾಟಿತ್ತು. ಚೌಕ ದೊಡ್ಡದು ಮಾಡಲೇ ಎಂದು ಕೇಳಿದ್ದಕ್ಕೆ ನನ್ನ ಪಿಎಚ್.ಡಿ. ಗೈಡ್ ನಕ್ಕಿದ್ದರು. "ಅದು ಕಸ ಕಣಮ್ಮ. ಕಂಡಿದ್ದೆಲ್ಲಾ ಜೆಟ್ ಆಗಲ್ಲ."

ಇವತ್ತು ಮೀಟಿಂಗಿನಲ್ಲಿ ಅದೇ ಮಹಾನುಭಾವರು ಕನ್ನಡಕ ಒರೆಸುತ್ತಾ ಕೇಳುತ್ತಾರೆ, "ಈ ಚೌಕ ಎಳೆದೋರು ಯಾರು?" ಫೈಲಿನಲ್ಲಿರುವುದು ನನ್ನ ಹೆಸರು. ಎಂಟು ತಲೆಗಳು ನನ್ನ ಕಡೆ ತಿರುಗಿದವು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು, ಮೇಕೆ ಸುಮ್ಮನೆ ಕೂತಿತ್ತು.

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಲ್ಲಿ ಬಾಯಿ ಬಿಡ್ಲಿಲ್ಲ. ಇಲ್ಲಿ ಪಾತ್ರೆ ಕುಕ್ಕಿದ್ರೆ ಅವ್ರಿಗೇನು ಕೇಳ್ಸುತ್ತಾ?" ಎಂದಳು. ಅವಳ ಮೇಲೂ ರೇಗಿದೆ.

ಈಗ ಹಳೆಯ ದತ್ತಾಂಶ ತೆಗೆದು ಚೌಕ ದೊಡ್ಡದು ಮಾಡಿ ನೋಡಿದೆ. ಬಾಲ ಅಲ್ಲೇ ಇದೆ. ಕೋಟ್ಯಂತರ ವರ್ಷ ದಾಟಿ ಅದರ ರೇಡಿಯೊ ಅಲೆ ಇಲ್ಲಿಗೆ ಬಂದು ಮುಟ್ಟಿದೆ. ನನ್ನ ಒಂದು ಮಾತು ಮೇಜಿನ ಆ ಬದಿಗೆ ಮುಟ್ಟಲಿಲ್ಲ.