ಬೆನ್ನ ಮೇಲಿನ ಬೆರಳು

೧೨-೮-೧೯೭೪, ಸೋಮವಾರ. ಬಸವಕಲ್ಯಾಣ

ಆ ಡಾಕ್ಟರನ ಮೇಲೆ ಸುಮ್ಮನೆ ಕೂಗಾಡಿ ಬಂದೆ. ತಲೆ ತಿರುಗುವವರ ಬಗ್ಗೆ ಸಂಶೋಧನೆ ಮಾಡಲು ಬಂದವನು ಅವ್ವನನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿದ. ಹಾಗೆ ನಿಂತಾಗ ಓಲಾಡಿದವರಿಗೆ ಮಾತ್ರ ದೊಡ್ಡ ದವಾಖಾನೆಯಲ್ಲಿ ಪುಕ್ಕಟೆ ಇಲಾಜು. ಮೊನ್ನೆ ಬಾವಿಕಟ್ಟೆಯಲ್ಲಿ ಬಿದ್ದವಳು ಇವತ್ತು ಕಂಬದ ಹಾಗೆ ನಿಂತಳು.

"ಇವರಿಗೇನೂ ಇಲ್ಲ" ಅಂದ.

"ಹಂಗಾರ ನಮ್ಮವ್ವ ಸುಳ್ಳ ಬೀಳ್ತಾಳೇನು?" ಅಂತ ಮೈಮೇಲೆ ಹೋದೆ.

ಮನೆಗೆ ಬಂದಮೇಲೆ ಅವ್ವ ನಕ್ಕಳು. "ಹುಚ್ಚಪ್ಪ, ನಿನ್ನ ಬೆರಳು ನನ್ನ ಬೆನ್ನಿಗಿತ್ತಲ್ಲೋ. ಹ್ಯಾಂಗ ಬೀಳ್ಲಿ?"

ಇಟ್ಟಿದ್ದೇ ನನಗೆ ಗೊತ್ತಿಲ್ಲ. "ಅಲ್ಲೇ ಯಾಕ ಹೇಳಲಿಲ್ಲ?"

"ಅಷ್ಟು ಒದರಾಕತ್ತಿದ್ದಿ, ನನ್ನ ಮಾತು ಕೇಳ್ತಿದ್ದೇನು?"

ನಾಳೆ ಆ ಡಾಕ್ಟರ ಹುಮನಾಬಾದಿನಲ್ಲಿರುತ್ತಾನೆ. ಮೊದಲ ಬಸ್ಸಿಗೆ ಅವ್ವನನ್ನು ಕರೆದುಕೊಂಡು ಹೋಗಿ ಕಾಲಿಗೆ ಬೀಳುತ್ತೇನೆ. ಅವಳು ನಿಂತಾಗ ನಾನು ದೂರ ಇರಬೇಕು, ಕೈ ಕಟ್ಟಿಕೊಂಡು. ಅವಳು ಓಲಾಡಿದರೂ ಹಿಡಿಯಬಾರದು. ಅದು ನನ್ನ ಕೈಲಿ ಆದೀತೋ ಇಲ್ಲವೋ...