ತುಳಸಿ ಕಡ್ಡಿಯ ಮರಗಳು

ಫೆಬ್ರವರಿ 14, ಶನಿವಾರ

ನಾಳೆ ನಮ್ಮ ಅಪಾರ್ಟ್‌ಮೆಂಟಿನ ಹವ್ಯಾಸ ಪ್ರದರ್ಶನದಲ್ಲಿ ನನ್ನ ಆಟಿಕೆ ರೈಲು ಓಡುವುದಿಲ್ಲ. ಅಡ್ಡ ಬಂದದ್ದು ಭಕ್ತಿ.

ಮೀಟರ್ ಗೇಜ್ ಕಾಲದ ಯಲಹಂಕ ಸ್ಟೇಷನ್ನಿನ ಪುಟ್ಟ ಮಾದರಿಯನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿಯೇ ಕಟ್ಟಿದ್ದೆ. ಫ್ರಿಜ್ ಜೊತೆ ಬಂದ ಥರ್ಮಾಕೋಲ್ ದಿಬ್ಬವಾಯಿತು, ಜರಡಿ ಹಿಡಿದ ಅಲ್ಲಾಳಸಂದ್ರ ಕೆರೆಯ ಮಣ್ಣು ನೆಲವಾಯಿತು. ಮರಗಳಿಗೆ ಒಣಗಿದ ತುಳಸಿ ಕಡ್ಡಿ. ಅದರ ಕವಲು ಥೇಟ್ ಹಳೇ ಮರದ ಕವಲಿನಂತೆಯೇ ಇರುತ್ತದೆ. ಪಾತ್ರೆ ತಿಕ್ಕುವ ಸ್ಪಂಜನ್ನು ಪುಡಿ ಮಾಡಿ ಅಂಟಿಸಿದರೆ ಎಲೆ.

ಸಂಜೆ ನೋಡಲು ಬಂದ ಸಂಘದ ಕಾರ್ಯದರ್ಶಿ ಶೀತಲ್ ಹೌಹಾರಿದರು. "ಅಯ್ಯೋ ಅಂಕಲ್, ಇದು ತುಳಸಿ ಅಲ್ವಾ? ತುಳಸಿಗೆ ಫೆವಿಕಾಲ್ ಹಚ್ಚಿದ್ದೀರಾ? ಎಂಥ ಅಪಚಾರ!"

"ನಿಮ್ಮನೇದೇ ಕಣಮ್ಮ. ಕುಂಡದ ಸಮೇತ ಕಸದ ಡಬ್ಬದ ಪಕ್ಕ ಎಸೆದಿದ್ರಲ್ಲ, ಅಲ್ಲಿಂದ ತಂದೆ."

"ಎಸೆದಿಲ್ಲ ಅಂಕಲ್, ವಿಸರ್ಜನೆ ಮಾಡಿದ್ದು!"

ಗಿಡ ಬದುಕಿದ್ದಾಗ ಒಂದು ಚೊಂಬು ನೀರಿಗೆ ಸೋಮಾರಿತನ; ಒಣಗಿದ ಮೇಲೆ ಸಂಸ್ಕೃತ.

ಮರಗಳನ್ನು ಕಿತ್ತರೆ ನಾಳೆ ಪ್ರದರ್ಶನದಲ್ಲಿ ಮೇಜು ಕೊಡುತ್ತಾರಂತೆ. ನಿಜವಾದ ಸ್ಟೇಷನ್ನಿನ ಆಚೆಯ ಮರಗಳ ನೆರಳಿನಲ್ಲಿ ನಿಂತು ರೈಲಿಗೆ ಕಾದವನು ನಾನು. ಅವು ಒಂದೊಂದಾಗಿ ಉರುಳಿದ್ದನ್ನೂ ನೋಡಿದ್ದೇನೆ. ಆ ದಿನ ಈ ಊರಿನಲ್ಲಿ ಯಾರ ಬಾಯಲ್ಲೂ ಅಪಚಾರ ಎಂಬ ಮಾತು ಬರಲಿಲ್ಲ. ಈಗ ಗೇಣುದ್ದದ ಕಡ್ಡಿಗಳ ಮೇಲೆ ಎಲ್ಲರಿಗೂ ಭಕ್ತಿ ಉಕ್ಕಿದೆ.

ಒಂದು ಕಡ್ಡಿಯನ್ನೂ ಕೀಳುವುದಿಲ್ಲ. ಮರವಿಲ್ಲದ ಯಲಹಂಕವನ್ನೇ ನೋಡಬೇಕೆನ್ನುವವರು ಅವರವರ ಬಾಲ್ಕನಿಗೆ ಬಂದು ನಿಲ್ಲಲಿ. ಅದಕ್ಕೆ ಮೇಜು ಬೇಕಿಲ್ಲ.